ಹಿತ್ತಲ ನೆಲ ಉಳಿಸಿಕೊಡು, ತಾಯಿ

ತಾಯಿ ಬನಶಂಕರಿ, ನೇಕಾರರ ಕುಲದೇವಿಯೇ, ಬೆಳಗಾವಿಯ ವಡಗಾವಿಯಲ್ಲಿರುವ ಒಂದು ಮಗ್ಗದ ಮನೆಯಿಂದ ಈ ನಿವೇದನೆ. ಬರಗಾಲದಲ್ಲಿ ನಿನ್ನ ಮೈಯಿಂದಲೇ ಕಾಯಿಪಲ್ಲೆ ಹುಟ್ಟಿಸಿ ಲೋಕದ ಹಸಿವು ಕಳೆದ ಶಾಕಂಬರಿ ನೀನು. ಬನದ ಹುಣ್ಣಿಮೆಯ ಜಾತ್ರೆಗೆ ಮುಂಚೆ, ಪಲ್ಲೇದ ಹಬ್ಬದಲ್ಲಿ, ಬಾದಾಮಿಯ ನಿನ್ನ ಗುಡಿಯಲ್ಲಿ 108 ಬಗೆಯ ಪಲ್ಲೆಯ ನೈವೇದ್ಯವಾಗುತ್ತದೆ. ನನ್ನ ಹಿತ್ತಲು ಅಷ್ಟೆಲ್ಲ ಕೊಡಲಾರದು. ನಾಲ್ಕು ಬದನೆ ಗಿಡ, ಹೀರೆಬಳ್ಳಿ, ಚವಳಿ, ರಾಜಗಿರಿ, ಒಂದು ಪೇರಲ, ಒಂದು ಕರಿಬೇವು. ಅದನ್ನೇ ಮುಂದಿಟ್ಟು ಬೇಡುತ್ತಿದ್ದೇನೆ.

ಮುಂದಿನ ಕೋಣೆಯಲ್ಲಿ ಪವರ್‌ಲೂಮ್ ಶುರುವಾದರೆ ಮನೆಯವರು ಕೈಸನ್ನೆಯಲ್ಲೇ ಮಾತಾಡಬೇಕು. ನೂಲಿನ ದರ, ಮಾರಾಟವಾಗದ ಸೀರೆ, ಸಾಲದ ಕಂತು ಎಲ್ಲವೂ ಆ ಸದ್ದಿನ ಜೊತೆಗೇ ತಲೆಯಲ್ಲಿ ತಿರುಗುತ್ತಿರುತ್ತವೆ. ಮಗ್ಗ ನಿಂತರೂ ಕಿವಿಯೊಳಗೆ ಅದು ನಿಲ್ಲುವುದಿಲ್ಲ. ಕಂಡಿಕೆ ಸುತ್ತುವುದನ್ನು ಬಿಟ್ಟೆದ್ದು, ಹಿಂಬಾಗಿಲು ತೆರೆದು, ಒದ್ದೆ ಮಣ್ಣಿನ ಮೇಲೆ ಬರಿಗಾಲಿಟ್ಟಾಗಲೇ ನನಗೆ ಸರಿಯಾಗಿ ಉಸಿರಾಡಲು ಬರುತ್ತದೆ.

ಅಲ್ಲಿ ನಿನ್ನ ಸಿಂಪಿಗ ಹಕ್ಕಿ ಇದೆ. ಹೆಬ್ಬೆರಳಿಗಿಂತ ತುಸು ದೊಡ್ಡದು, ಬೆನ್ನು ಹಸಿರು, ನೆತ್ತಿ ಕೆಂಚು. ಬದನೆಯ ಅಗಲ ಎಲೆಯನ್ನು ಆರಿಸಿಕೊಂಡು, ಕೊಕ್ಕಿನಿಂದ ಅಂಚಿಗೆ ತೂತು ಹಾಕಿ, ಜೇಡನ ಎಳೆಯನ್ನೋ ಹತ್ತಿಯ ಎಳೆಯನ್ನೋ ತೂರಿಸಿ ಎರಡು ಅಂಚುಗಳನ್ನು ಕೂಡಿಸುತ್ತದೆ. ಹೊರಬಂದ ಎಳೆಯ ತುದಿ ಅರಳಿಕೊಳ್ಳುವುದರಿಂದ ಹೊಲಿಗೆ ಜಾರುವುದಿಲ್ಲ. ಗೂಡು ಕಟ್ಟುವ ಕೆಲಸವೆಲ್ಲ ಹೆಣ್ಣಿನದೇ. ಮಗ್ಗದ ಕೋಣೆಯ ಕಿಟಕಿಯಡಿ ಬಿದ್ದ ಹತ್ತಿಯ ನವುರನ್ನು ಅದು ಕಚ್ಚಿಕೊಂಡು ಹೋದದ್ದನ್ನು ಕಂಡ ಮೇಲೆ ನಾನು ಆ ಜಾಗ ಗುಡಿಸುವುದನ್ನು ಬಿಟ್ಟೆ. ನಮ್ಮ ದುಡಿಮೆಯ ಒಂದೆಳೆ ಅದರ ಮರಿಗಳಿಗೆ ಹಾಸಿಗೆಯಾಯಿತು. ಇದಕ್ಕಿಂತ ದೊಡ್ಡ ಪ್ರಸಾದ ಯಾವುದು ತಾಯಿ?

ಕರಿಬೇವಿನ ಚಿಗುರನ್ನು ಹುಳ ತಿನ್ನುತ್ತದೆ, ಔಷಧ ಹೊಡೆ ಎಂದು ಓಣಿಯವರು ಹೇಳುತ್ತಾರೆ. ಎಳೆಯದಿದ್ದಾಗ ಹಕ್ಕಿಯ ಹಿಕ್ಕೆಯಂತೆ ಕಾಣುವ ಆ ಹುಳ ಬೆಳೆದಂತೆ ಹಸಿರಾಗಿ, ಕೋಶ ಕಟ್ಟಿ, ಕರಿ ರೆಕ್ಕೆಯ ಚಿಟ್ಟೆಯಾಗಿ ಹೋಗುತ್ತದೆ. ಒಗ್ಗರಣೆಗೆ ಬೇಕಾದಷ್ಟು ಎಲೆ ನನಗೆ ಉಳಿದೇ ಉಳಿಯುತ್ತದೆ. ಬಚ್ಚಲು ನೀರು ಹರಿಯುವ ಕಡೆ ಕೂತ ಕಪ್ಪೆ ಸೊಳ್ಳೆ, ಹುಳುಗಳನ್ನು ನುಂಗುತ್ತಿರುವಾಗ ನಾನು ಯಾಕೆ ವಿಷ ತರಲಿ? ಎಳ್ಳಮಾವಾಸ್ಯೆಯಂದು ಹೊಲಕ್ಕೆ ಚರಗ ಚೆಲ್ಲುವ ಸೀಮೆ ನಮ್ಮದು. ಹೊಲವಿಲ್ಲದ ನನಗೆ ಈ ಹಿತ್ತಲೇ ಹೊಲ, ಈ ಎಲೆಗಳೇ ಚರಗ.

ಖಾನಾಪುರದ ಅಕ್ಕನ ಮನೆಯ ಹಿತ್ತಲು ಕಾಡಿಗೇ ಅಂಟಿಕೊಂಡಿದೆ. ಮುಂಗಾರಿನ ಹೊಸ್ತಿಲಲ್ಲಿ ಅಲ್ಲಿ ಮರ ಪೂರ್ತಿ ಮಿಂಚುಹುಳ. ಅವುಗಳ ಮರಿಗಳು ಒದ್ದೆ ತರಗೆಲೆಯಡಿ ಬಸವನಹುಳ ತಿಂದು ಬೆಳೆಯುತ್ತವೆ. ಹಾಗಾಗಿ ಅಕ್ಕ ತರಗೆಲೆ ಸುಡುವುದಿಲ್ಲ. ಅದೇ ತಾಲ್ಲೂಕಿನ ಭೀಮಗಡ 2011ರಲ್ಲಿ ವನ್ಯಜೀವಿಧಾಮವಾಯಿತು. ಅಲ್ಲಿನ ಬಾರಾಪೇಡೆ ಗುಹೆಗಳಲ್ಲಿರುವ ಒಂದು ಜಾತಿಯ ಬಾವಲಿ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲವೆಂದೇ ಬಹುಕಾಲ ತಿಳಿಯಲಾಗಿತ್ತು. ಆ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆ ನಿನ್ನ ಬಾದಾಮಿ ಸೀಮೆ ದಾಟಿ, ಪಟ್ಟದಕಲ್ಲಿನ ಗುಡಿಗಳನ್ನು ಮುಟ್ಟಿ, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತಾಳೆ. ಅಕ್ಕನ ಊರ ಮಳೆ ನಿನ್ನ ಸೀಮೆಗೆ ನೀರಾಗಿ ಬರುತ್ತದೆ. ಆ ಕಾಡನ್ನು ಕಾಯಿ.

ಈಗ ನನ್ನ ಮನೆಯ ಮಾತು. ಹಿತ್ತಲಿಗೆ ಕಾಂಕ್ರೀಟ್ ಹಾಕಿ, ತಗಡಿನ ಶೆಡ್ ಎತ್ತಿ, ಇನ್ನೆರಡು ಮಗ್ಗ ಕೂರಿಸಬೇಕೆಂದು ಮಗ ಹೇಳುತ್ತಿದ್ದಾನೆ. ಅವನದು ದುರಾಸೆಯಲ್ಲ, ಇರುವ ಮಗ್ಗದಲ್ಲಿ ಸಂಸಾರ ಸಾಗುತ್ತಿಲ್ಲ. ಆದರೆ 2019ರ ಆಗಸ್ಟ್‌ನ ಮಳೆಯಲ್ಲಿ ಈ ಊರ ನೇಕಾರರ ಮನೆಗಳಿಗೆ ನೀರು ನುಗ್ಗಿ ಮಗ್ಗಗಳು ತೊಯ್ದು ನಿಂತದ್ದನ್ನು ನೀನೂ ಕಂಡಿದ್ದೀ. ಮಣ್ಣು ಕುಡಿಯುವ ನೀರನ್ನು ಕಾಂಕ್ರೀಟ್ ಕುಡಿಯದು. ಎಲ್ಲರ ಹಿತ್ತಲೂ ಮುಚ್ಚಿದರೆ ಆ ನೀರು ಮತ್ತೆ ಮಗ್ಗದ ಕೋಣೆಗೇ ಬರುತ್ತದೆ.

ತಾಯಿ, ಅವನ ನೇಯ್ಗೆಗೆ ತಕ್ಕ ಬೆಲೆ ಸಿಗುವಂತೆ ಮಾಡು. ಶೆಡ್ ಏಳಲೇಬೇಕಿದ್ದರೆ ಒಂದು ಮಗ್ಗದಷ್ಟೇ ಏಳಲಿ. ಪೇರಲ, ಕರಿಬೇವು, ಬದನೆ ಸಾಲು ಇರುವ ಗೋಡೆಬದಿಯ ನೆಲವನ್ನು ಉಳಿಸಿಕೊಡು. ಇದನ್ನು ಓದುವ ಓಣಿಯ ಅಕ್ಕತಂಗಿಯರೇ, ನಿಮ್ಮ ಹಿತ್ತಲಲ್ಲೂ ಒಂದು ಪಟ್ಟಿ ಮಣ್ಣನ್ನು ಮುಚ್ಚದೆ ಬಿಡಿ.