ಪಕ್ಕದ ಮಂಚ

ಅಪ್ಪನನ್ನು ಜಿಲ್ಲಾಸ್ಪತ್ರೆಗೆ ಸೇರಿಸಿದ ರಾತ್ರಿ ವಾರ್ಡಿನಲ್ಲಿ ಒಂದು ಮಂಚವೂ ಖಾಲಿ ಇರಲಿಲ್ಲ. ಎರಡು ಮಂಚಗಳ ನಡುವಿನ ಸಂದಿಯಲ್ಲಿ ಚಾಪೆ ಹಾಸಿ ಮಲಗಿಸಿದೆವು. ಸಲೈನ್ ಬಾಟಲಿಯನ್ನು ಕಿಟಕಿಯ ಸರಳಿಗೆ ಕಟ್ಟುತ್ತ ಸಿಸ್ಟರ್ ಹೇಳಿದರು: "ನಾಳೆ ಯಾರಾದ್ರೂ ಡಿಸ್ಚಾರ್ಜ್ ಆದ್ರ ಕೊಡ್ತೀನ್ರಿ." ಅವರ ಕಣ್ಣಲ್ಲಿ ನಿದ್ದೆ ತೂಗುತ್ತಿತ್ತು.

ಬಲಗಡೆಯ ಮಂಚದಲ್ಲಿ ಒಬ್ಬ ಅಜ್ಜ, ಮೇಲುಸಿರು ಎಳೆಯುತ್ತಿದ್ದರು. ಮಗಳು ಒದ್ದೆ ಬಟ್ಟೆಯಿಂದ ಅವರ ತುಟಿ ಒರೆಸುತ್ತ ಕೂತಿದ್ದಳು. ನಡುರಾತ್ರಿ ತನ್ನ ಫ್ಲಾಸ್ಕಿನಿಂದ ನನಗೂ ಅರ್ಧ ಲೋಟ ಚಹಾ ಬಗ್ಗಿಸಿ ಕೊಟ್ಟಳು. ಅದನ್ನು ಕುಡಿಯುತ್ತಲೇ ನನ್ನ ಮನಸ್ಸು ಲೆಕ್ಕ ಹಾಕುತ್ತಿತ್ತು: ಈ ಅಜ್ಜ ಬೆಳಗಿನ ತನಕ ಉಳಿದಾರೆಯೇ? ಹಾಗೆ ಯೋಚಿಸುತ್ತಿರುವವನು ನಾನೇ ಎಂದು ಅರಿವಾದಾಗ ಚಹಾ ಗಂಟಲಲ್ಲಿ ಇಳಿಯಲಿಲ್ಲ.

2021ರ ಏಪ್ರಿಲ್, ಮೇ ತಿಂಗಳ ಕೋವಿಡ್ ಅಲೆಯಲ್ಲಿ ಹಾಸಿಗೆಗಾಗಿ ಬೆಂಗಳೂರಿನಲ್ಲಿ ಆಸ್ಪತ್ರೆಯಿಂದ ಆಸ್ಪತ್ರೆಗೆ ಆಂಬುಲೆನ್ಸಿನಲ್ಲಿ ಅಲೆದವರಲ್ಲಿ ಎಷ್ಟು ಜನ ಇಂಥದ್ದೇ ಲೆಕ್ಕ ಹಾಕಿದ್ದರೋ. ಅವರನ್ನು ಕೆಟ್ಟವರೆನ್ನಲು ನನಗೆ ಬಾಯಿ ಬಾರದು. ಒಳ್ಳೆಯ ಮನುಷ್ಯನ ಎದೆಯಲ್ಲೂ ಇನ್ನೊಬ್ಬನ ಸಾವಿನ ನಿರೀಕ್ಷೆ ಹುಟ್ಟಿಸುವ ವ್ಯವಸ್ಥೆಯೇ ತಪ್ಪು.

ಅಪ್ಪನಿಗಿದ್ದದ್ದು ವಾಂತಿಭೇದಿ. ಎರಡು ದಿನದ ಸಲೈನ್ ಸಾಕಿತ್ತು. ಸುಮಾರು 30 ಸಾವಿರ ಜನರಿಗೊಂದು ಪ್ರಾಥಮಿಕ ಆರೋಗ್ಯ ಕೇಂದ್ರ, ಅಲ್ಲಿ 6 ಹಾಸಿಗೆ, ಅದರ ಮೇಲಿನ ಸಮುದಾಯ ಆರೋಗ್ಯ ಕೇಂದ್ರದಲ್ಲಿ 30 ಹಾಸಿಗೆ ಎಂಬ ಮಾನದಂಡ ಇರುವುದೇ ಇಂಥ ಕಾಯಿಲೆ ಊರಲ್ಲೇ ವಾಸಿಯಾಗಲೆಂದು. ನಮ್ಮೂರ ಕೇಂದ್ರದಲ್ಲೂ ಮಂಚಗಳಿದ್ದವು, ಬೀಗ ಹಾಕಿದ ಕೋಣೆಯಲ್ಲಿ, ಸುತ್ತಿದ ಪ್ಲಾಸ್ಟಿಕ್ ಕೂಡ ಬಿಚ್ಚದೆ. ರಾತ್ರಿ ಪಾಳಿಗೆ ನರ್ಸ್ ಇರಲಿಲ್ಲ. ಹಾಗಾಗಿ ಕೈಗೆ ಬಂದದ್ದು ರೆಫರ್ ಚೀಟಿ. ತಾಲ್ಲೂಕಿನಲ್ಲಿ ಇನ್ನೊಂದು ಚೀಟಿ. 2017ರ ರಾಷ್ಟ್ರೀಯ ಆರೋಗ್ಯ ನೀತಿ ಸಾವಿರ ಜನಕ್ಕೆ 2 ಹಾಸಿಗೆಯ ಗುರಿ ಇಟ್ಟಿತು. ಗುರಿ ಸರಿಯೇ. ಆದರೆ ರಾತ್ರಿ ಎರಡು ಗಂಟೆಗೆ ಬಾಟಲಿ ಬದಲಿಸುವ ಕೈಯಿಲ್ಲದ ಮಂಚವನ್ನು ಆ ಎಣಿಕೆಗೆ ಸೇರಿಸುವುದು ಹೇಗೆ? ನಮ್ಮೂರಲ್ಲಿ ಒಬ್ಬ ನರ್ಸ್ ಇದ್ದಿದ್ದರೆ ನಾವು ಆ ಸಂದಿಗೆ ಬರುತ್ತಲೇ ಇರಲಿಲ್ಲ. ಆ ಚಾಪೆಯ ಜಾಗವಾದರೂ ಅಜ್ಜನಷ್ಟು ಕಷ್ಟದಲ್ಲಿದ್ದ ಮತ್ತೊಬ್ಬರಿಗೆ ಸಿಗುತ್ತಿತ್ತು.

ಬೆಳಗಿನ ಜಾವ ಅಜ್ಜ ತೀರಿಕೊಂಡರು. ಆಯಾ ಬಂದು ಚಾದರ ಬದಲಿಸಿದಳು. ಮಗಳು ಅಳುತ್ತಲೇ ಫ್ಲಾಸ್ಕನ್ನು ಚೀಲಕ್ಕೆ ಹಾಕಿಕೊಂಡಳು. ಹೊರಟವಳು ಬಾಗಿಲ ಬಳಿಯಿಂದ ತಿರುಗಿ ಬಂದು ನನ್ನ ತೋಳು ಮುಟ್ಟಿದಳು.

"ಅಣ್ಣಾರ, ನಿಮ್ಮ ಅಪ್ಪಾರನ್ನ ಲಗೂ ಮ್ಯಾಲೆ ಮಲಗಸ್ರಿ. ಹೊರಗ ಭಾಳ ಮಂದಿ ಕಾಯಾಕತ್ತಾರ."