ಕೈಯಾರೆ ಮಾಡಿದ ಈದಿ

ಕನ್ನಡದಲ್ಲಿ 'ಮುಯ್ಯಿ' ಎಂಬ ಒಂದು ಮಾತಿದೆ. ಮದುವೆಯ ಚಪ್ಪರದಲ್ಲಿ ನೆಂಟರು ಓದಿಸುವ ಉಡುಗೊರೆಗೂ ಮುಯ್ಯಿ ಎನ್ನುತ್ತೇವೆ, ಹಳೆಯ ಸೇಡನ್ನು ಹಿಂದಿರುಗಿಸುವುದಕ್ಕೂ ಮುಯ್ಯಿ ತೀರಿಸುವುದು ಎನ್ನುತ್ತೇವೆ. ಪ್ರೀತಿಗೂ ಹಗೆಗೂ ಒಂದೇ ಪದ ಹೇಗೆ ಒಗ್ಗಿತು? ಎರಡರಲ್ಲೂ ಲೆಕ್ಕವಿದೆ ಎನ್ನುವುದೇ ಉತ್ತರವಿರಬೇಕು. ಯಾರು ಎಷ್ಟು ಕೊಟ್ಟರೆಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡು, ಅವರ ಮನೆಯ ಶುಭಕಾರ್ಯದ ದಿನ ಅಷ್ಟನ್ನು, ಸಾಧ್ಯವಾದರೆ ಒಂದಿಷ್ಟು ಹೆಚ್ಚನ್ನು, ಹಿಂದಿರುಗಿಸುವುದು ನಮ್ಮ ಹಳ್ಳಿಗಳ ಮರ್ಯಾದೆ. ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಮಾರ್ಸೆಲ್ ಮೋಸ್ 1925ರಲ್ಲಿ ಪ್ರಕಟಿಸಿದ ಉಡುಗೊರೆಯ ಕುರಿತ ಪ್ರಬಂಧದಲ್ಲಿ ಮೂರು ಕಟ್ಟುಪಾಡುಗಳನ್ನು ಗುರುತಿಸಿದ: ಕೊಡಲೇಬೇಕು, ಬೇಡವೆನ್ನದೆ ತೆಗೆದುಕೊಳ್ಳಲೇಬೇಕು, ಒಂದು ದಿನ ಹಿಂದಿರುಗಿಸಲೇಬೇಕು. ನಮ್ಮ ಅಜ್ಜಿಯರು ಈ ಮೂರನ್ನೂ ಒಂದೇ ಪದದಲ್ಲಿ ಹೇಳಿ ಮುಗಿಸಿದ್ದರು.

ಹಬ್ಬದ ಉಡುಗೊರೆಯ ಕಷ್ಟ ಇಲ್ಲಿಂದಲೇ ಶುರುವಾಗುತ್ತದೆ. ಉಳ್ಳವರು ಅಂಗಡಿಯಿಂದ ತಂದು ಕೊಟ್ಟ ವಸ್ತುವಿಗೆ ಬೆಲೆಯ ಚೀಟಿ ಇರುತ್ತದೆ. ಚೀಟಿಯನ್ನು ಕಿತ್ತು ಕೊಟ್ಟರೂ ತೆಗೆದುಕೊಂಡವರ ಮನಸ್ಸು ಅದನ್ನು ಮತ್ತೆ ಅಂಟಿಸಿ ಓದುತ್ತದೆ. ಆಮೇಲೆ ಅವರೂ ಅಷ್ಟೇ ಬೆಲೆಯದ್ದನ್ನು ತರಬೇಕು. ಇಲ್ಲದಿದ್ದರೆ ಸಾಲ ಮಾಡಬೇಕು, ಅಥವಾ ಆ ಮನೆಯ ಬಾಗಿಲು ತುಳಿಯುವುದನ್ನು ನಿಲ್ಲಿಸಬೇಕು. ಹಾಗಾದರೆ ಮನೆಯಲ್ಲೇ ಕೈಯಾರೆ ಮಾಡಿ ಕೊಟ್ಟರೆ? ಕಡಿಮೆ ಖರ್ಚಿನ ಅಂಥ ಉಡುಗೊರೆ ಪ್ರೀತಿಯೇ, ಇಲ್ಲ ಒಳ್ಳೆಯ ಹೆಸರು ಇಟ್ಟುಕೊಂಡ ಜಿಪುಣತನವೇ?

ಈ ಪ್ರಶ್ನೆಯನ್ನು ಅಲೀಪುರದಂಥ ಊರಿನಲ್ಲಿ ನಿಂತು ಕೇಳಿಕೊಳ್ಳುವುದು ಚೆನ್ನ. 2007ರಲ್ಲಿ ಕೋಲಾರದಿಂದ ಬೇರೆಯಾದ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ, ಗೌರಿಬಿದನೂರು ತಾಲೂಕಿನಲ್ಲಿರುವ ಈ ಊರಿನ ಬಹುಪಾಲು ಜನ ಶಿಯಾ ಮುಸ್ಲಿಮರು. ಮನೆಯಲ್ಲಿ ಉರ್ದು, ಸಂತೆಯಲ್ಲಿ ಕನ್ನಡ ಮತ್ತು ತೆಲುಗು. ಹರಳಿನ ವ್ಯಾಪಾರ ಇಲ್ಲಿನ ಮುಖ್ಯ ಕಸುಬುಗಳಲ್ಲೊಂದು. ಹರಳಿನವರಿಗೆ ಬೆಲೆಯ ವಿದ್ಯೆ ಗೊತ್ತು. ಒಂದು ಕ್ಯಾರೆಟ್ ಎಂದರೆ 200 ಮಿಲಿಗ್ರಾಂ. ಅಷ್ಟು ಪುಟ್ಟ ತೂಕದೊಳಗೆ ಬಣ್ಣ, ಕಾಂತಿ, ಕಡಿತ, ಬಿರುಕುಗಳನ್ನೆಲ್ಲ ನೋಡಿ ಒಂದು ಮೊತ್ತ ಹೇಳಬಲ್ಲ ಕಣ್ಣು ಅವರದು. ಆದರೆ ಅದೇ ಕಣ್ಣಿನ ಮುಂದೆ ಎಂಟು ವರ್ಷದ ಮಗಳು ನೋಟ್‌ಬುಕ್ಕಿನ ರಟ್ಟು ಕತ್ತರಿಸಿ, ಚಂದ್ರ ಮತ್ತು ನಕ್ಷತ್ರ ಅಂಟಿಸಿ, ಓರೆಕೋರೆ ನಸ್ತಾಲೀಖಿನಲ್ಲಿ 'ಈದ್ ಮುಬಾರಕ್' ಎಂದು ಬರೆದು ತಂದಿಟ್ಟರೆ ತಕ್ಕಡಿ ಸುಮ್ಮನಾಗುತ್ತದೆ. ಅದಕ್ಕೆ ಮಾರುಕಟ್ಟೆಯಿಲ್ಲ. ಹಾಗಾಗಿ ಅದನ್ನು ಮುಯ್ಯಿಯ ಪುಸ್ತಕದಲ್ಲಿ ಬರೆಯಲೂ ಆಗುವುದಿಲ್ಲ.

ನಾನು ಓದಿದ ಉರ್ದು ಶಾಲೆಯಲ್ಲಿ ರಂಜಾನಿನ ಕೊನೆಯ ವಾರ ಇಂಥ ಕಾರ್ಡುಗಳದೇ ಕಾಲ. ಅಂಗಡಿಯಲ್ಲಿ ಮಿನುಗುವ ಕಾರ್ಡುಗಳು ಸಿಗುತ್ತಿದ್ದವು, ಆದರೆ ನಮ್ಮ ಜೇಬಿಗೆ ಎಟಕುತ್ತಿರಲಿಲ್ಲ. ಆಮೇಲೆ ಎಸ್ಸೆಮ್ಮೆಸ್ ಬಂತು, ಅದರ ಹಿಂದೆಯೇ ವಾಟ್ಸಾಪ್ ಬಂತು. ಈಗ ಒಂದು ಬೆರಳು ತಾಗಿಸಿದರೆ ಇನ್ನೂರು ಮಂದಿಗೆ ಶುಭಾಶಯ ಹೋಗುತ್ತದೆ, ಬಿಡಿಗಾಸಿನ ಖರ್ಚಿಲ್ಲ. ಉಳಿತಾಯವೊಂದೇ ಗುಣವಾಗಿದ್ದರೆ ಲೋಕದಲ್ಲಿ ಇದಕ್ಕಿಂತ ದೊಡ್ಡ ಈದಿ ಇರಬಾರದಿತ್ತು. ಆದರೂ ಅದನ್ನು ಯಾರೂ ಎತ್ತಿಟ್ಟುಕೊಳ್ಳುವುದಿಲ್ಲ. ರಟ್ಟಿನ ಕಾರ್ಡಿಗೂ ಹಣ ಖರ್ಚಾಗಿರಲಿಲ್ಲ, ಆದರೆ ಒಂದು ಮಧ್ಯಾಹ್ನ ಖರ್ಚಾಗಿತ್ತು. ಒಬ್ಬರನ್ನೇ ನೆನೆಯುತ್ತ ಕಳೆದ ಮಧ್ಯಾಹ್ನ ಅದು. ಹಣವನ್ನು ಉಳಿಸಿ ತನ್ನನ್ನು ಖರ್ಚು ಮಾಡಿದರೆ ಅದು ಮಿತವ್ಯಯ. ಹಣವನ್ನೂ ಉಳಿಸಿ ತನ್ನನ್ನೂ ಉಳಿಸಿಕೊಂಡರೆ ಜಿಪುಣತನ. ಮೊದಲ ಉತ್ತರವಾಗಿ ಇಷ್ಟನ್ನು ಒಪ್ಪಬಹುದೇನೋ.

ಧರ್ಮದ ಮಾತು ಇದಕ್ಕೆ ಹೊರತಲ್ಲ. ದುಂದುಗಾರರನ್ನು ಸೈತಾನನ ಸಹೋದರರೆಂದು ಕುರ್‌ಆನ್ 'ಬನೀ ಇಸ್ರಾಯೀಲ್' ಅಧ್ಯಾಯದಲ್ಲಿ ಗದರಿಸುತ್ತದೆ. 'ಅಲ್ ಫುರ್ಕಾನ್' ಅಧ್ಯಾಯದಲ್ಲಿ ಒಳ್ಳೆಯ ದಾಸರ ಗುಣ ಹೇಳುವಾಗ ದುಂದಿಗೂ ಕೃಪಣತೆಗೂ ನಡುವಿನ ದಾರಿಯನ್ನು ತೋರಿಸುತ್ತದೆ. ನೆರೆಮನೆಯ ಹೆಂಗಸು ಕುರಿಯ ಗೊರಸನ್ನೇ ಕಳಿಸಿದರೂ ಅದನ್ನು ಹೀಗಳೆಯಬೇಡಿ ಎಂದು ಪ್ರವಾದಿಯವರು ಮುಸ್ಲಿಂ ಸ್ತ್ರೀಯರಿಗೆ ಹೇಳಿದ್ದು ಪ್ರಸಿದ್ಧ ಹದೀಸ್. ಅದರ ಅರ್ಥ ಎರಡು ಕಡೆಗೂ ಸಲ್ಲುತ್ತದೆ. ಕೊಡುವವಳು ಇಷ್ಟೇ ಇದೆಯಲ್ಲ ಎಂದು ನಾಚಿ ಸುಮ್ಮನಾಗಬಾರದು, ತೆಗೆದುಕೊಳ್ಳುವವಳು ಇಷ್ಟೇ ತಂದಳಲ್ಲ ಎಂದು ಮೂಗು ಮುರಿಯಬಾರದು.

ನಮ್ಮ ಮನೆಗಳಲ್ಲಿ ಇದಕ್ಕೊಂದು ಸುಂದರವಾದ ರೂಢಿಯಿದೆ. ಹಬ್ಬದ ದಿನ ಶೀರ್ ಖುರ್ಮಾ ತುಂಬಿದ ಬಟ್ಟಲನ್ನು ತಟ್ಟೆಯಲ್ಲಿಟ್ಟು, ಮೇಲೆ ಕ್ರೋಷಾದಲ್ಲಿ ಹೆಣೆದ ಖ್ವಾನ್‌ಪೋಶ್ ಹೊದಿಸಿ ನೆರೆಮನೆಗೆ ಕಳಿಸುತ್ತೇವೆ. ಆ ತಟ್ಟೆ ಬರಿದಾಗಿ ಹಿಂದಿರುಗಬಾರದು. ಏನೂ ಇಲ್ಲದಿದ್ದರೆ ಒಂದು ಚಮಚ ಸಕ್ಕರೆಯನ್ನಾದರೂ ಹಾಕಿ ಕಳಿಸುತ್ತಾರೆ. ಹಿಂದೂ ನೆರೆಯವರೂ ಇದನ್ನು ತಪ್ಪದೆ ಪಾಲಿಸುವುದನ್ನು ನಮ್ಮ ಊರುಗಳಲ್ಲಿ ಕಾಣಬಹುದು. ಇದೂ ಮುಯ್ಯಿಯೇ, ಆದರೆ ಸಮನಾದ ಮುಯ್ಯಿಯಲ್ಲ. ಸಮಸಮ ಹಿಂದಿರುಗಿಸಿದರೆ ಲೆಕ್ಕ ಚುಕ್ತಾ ಆಗಿಬಿಡುತ್ತದೆ. ಚಮಚ ಸಕ್ಕರೆ ಲೆಕ್ಕವನ್ನು ತೀರಿಸದೆ ಸಂಬಂಧವನ್ನು ಮುಂದಕ್ಕೆ ಕೊಂಡೊಯ್ಯುತ್ತದೆ.

ಸರಳ ಉಡುಗೊರೆಯ ಮಾತು ಬಂದಾಗ ಗಾಂಧೀಜಿ ನೆನಪಾಗುತ್ತಾರೆ. ಕಾಯಿಲೆಯ ದಿನಗಳಲ್ಲಿ, 1927 ಮತ್ತು 1936ರಲ್ಲಿ, ನಮ್ಮ ನಂದಿಬೆಟ್ಟದ ಮೇಲೆ ವಿಶ್ರಾಂತಿ ಪಡೆದವರು ಅವರು. 1947ರ ನವೆಂಬರಿನಲ್ಲಿ ಇಂಗ್ಲೆಂಡಿನ ರಾಜಕುಮಾರಿ ಎಲಿಜಬೆತ್‌ರ ಮದುವೆಗೆ ಅವರು ಮೌಂಟ್‌ಬ್ಯಾಟನ್ ದಂಪತಿಯ ಮೂಲಕ ಕಳಿಸಿದ್ದು ತಾವೇ ನೂತ ನೂಲಿನ ಒಂದು ಪುಟ್ಟ ಬಟ್ಟೆಯನ್ನು. ರತ್ನಾಭರಣಗಳ ಸಾಲಿನಲ್ಲಿ ಅದನ್ನು ಕಂಡ ಹಿರಿಯ ರಾಣಿ ಮೇರಿ ಲಂಗೋಟಿಯೆಂದೇ ಭಾವಿಸಿ ಸಿಡುಕಿದರಂತೆ. ಎಲಿಜಬೆತ್ ಮಾತ್ರ ಅದನ್ನು ಜೋಪಾನವಾಗಿ ಇಟ್ಟುಕೊಂಡರು. 2022ರಲ್ಲಿ ಅವರು ತೀರಿಕೊಂಡಾಗ, ತಮಗೆ ಅವರು ಅದನ್ನು ತೋರಿಸಿದ್ದನ್ನು ನಮ್ಮ ಪ್ರಧಾನಿ ನೆನೆದರು.

ಈ ಕಥೆಯಲ್ಲಿ ನಾವು ಸಾಮಾನ್ಯವಾಗಿ ಮರೆಯುವ ಒಂದು ಎಳೆಯಿದೆ. ನೂಲು ಗಾಂಧೀಜಿಯದು, ಹೆಣೆದ ಕೈ ಒಬ್ಬ ಪಂಜಾಬಿ ಹುಡುಗಿಯದು. ಬಟ್ಟೆಯ ಜೊತೆಗಿನ ಪತ್ರದಲ್ಲಿ ಗಾಂಧೀಜಿಯೇ ಅದನ್ನು ಹೇಳಿದ್ದರು. ಕಥೆ ಹೇಳುವ ನಾವು ಬಿಟ್ಟುಬಿಟ್ಟೆವು. ಮನೆಯಲ್ಲೇ ಮಾಡಿದ ವಸ್ತುಗಳ ಬಗ್ಗೆ ಕೇಳಲೇಬೇಕಾದ ಎರಡನೆಯ ಪ್ರಶ್ನೆ ಇಲ್ಲಿದೆ: ಮಾಡಿದ ಕೈ ಯಾರದು?

'ಮನೆಯಲ್ಲೇ ಮಾಡಿದ್ದು, ಏನೂ ಖರ್ಚಿಲ್ಲ' ಎಂದು ಗಂಡಸರು ಹೆಮ್ಮೆಯಿಂದ ಹೇಳುವುದುಂಟು. ಹಿಂದೆ ಶ್ಯಾವಿಗೆಯನ್ನು ಹೆಂಗಸರು ಕೈಯಲ್ಲೇ ಹೊಸೆಯುತ್ತಿದ್ದರು. ಆಮೇಲೆ ಮಂಚದ ಕಾಲಿಗೋ ಹಲಗೆಗೋ ಬಿಗಿದು ತಿರುಗಿಸುವ ಯಂತ್ರ ಬಂತು. ರೋಜಾದ ಹಸಿವಿನಲ್ಲಿ ಮಧ್ಯಾಹ್ನವಿಡೀ ಅದರ ಹಿಡಿ ತಿರುಗಿಸಿದ ತೋಳಿನ ನೋವಿಗೆ ಯಾವ ಲೆಕ್ಕದ ಪುಸ್ತಕದಲ್ಲೂ ಜಾಗವಿರಲಿಲ್ಲ. ಖ್ವಾನ್‌ಪೋಶ್ ಹೆಣೆದ ಕಣ್ಣುಗಳು, ಅಂಗಡಿಗೆ ಕೊಡುವ ಕೂಲಿ ಉಳಿಯಲೆಂದು ಚಾಂದ್ ರಾತ್‌ನಲ್ಲಿ ನಾಲ್ಕು ಮಕ್ಕಳ ಬಟ್ಟೆ ಹೊಲಿದ ಬೆರಳುಗಳು, ಇವುಗಳಿಗೂ ಇರಲಿಲ್ಲ. ಮನೆಯ ಯಜಮಾನ ಉಳಿಸಿದ ಹಣದಲ್ಲಿ ದೊಡ್ಡ ಪಾಲು ಮನೆಯೊಡತಿ ಖರ್ಚು ಮಾಡಿದ ಮೈ. ಇದನ್ನು ಮಿತವ್ಯಯ ಎಂದು ಕರೆಯುವುದು ನ್ಯಾಯವಲ್ಲ. ಖರ್ಚು ಒಂದು ಹೆಗಲಿನಿಂದ ಇನ್ನೊಂದಕ್ಕೆ ಜಾರಿದೆ, ಅಷ್ಟೆ.

ಅಲೀಪುರದ ಇಮಾಂಬಾಡಾಗಳಲ್ಲಿ ವರ್ಷ ವರ್ಷವೂ ನೆನೆಯುವ ಮನೆತನದ ಚರಿತ್ರೆಯಲ್ಲೇ ಈ ಪ್ರಶ್ನೆಗೆ ಬೆಳಕಿದೆ. ಹಜ್ರತ್ ಅಲಿ ತಮ್ಮ ಕವಚವನ್ನು ಮಾರಿ ಬೀಬಿ ಫಾತಿಮಾ ಅವರ ಮಹರ್ ಕೊಟ್ಟರೆಂದು ಪರಂಪರೆ ಹೇಳುತ್ತದೆ. ಹೊಸ ಮನೆಗೆ ಬಂದ ವಸ್ತುಗಳಲ್ಲಿ ಖರ್ಜೂರದ ನಾರು ತುಂಬಿದ ತೊಗಲಿನ ದಿಂಬು, ನೀರಿನ ತೊಗಲು ಚೀಲ, ಬೀಸುವ ಕಲ್ಲುಗಳು ಇದ್ದವು. ಸರಳ ಮದುವೆಯ ಆದರ್ಶವಾಗಿ ನಮ್ಮ ಮೌಲ್ವಿಗಳು ಈ ಪಟ್ಟಿಯನ್ನು ಮತ್ತೆ ಮತ್ತೆ ಹೇಳುತ್ತಾರೆ. ಆದರೆ ಅದೇ ಬೀಸುವ ಕಲ್ಲು ಮುಂದೆ ಬೀಬಿ ಫಾತಿಮಾರ ಅಂಗೈಯನ್ನು ನೋಯಿಸಿತೆಂದೂ, ನೆರವಿಗೆ ಒಬ್ಬ ಸೇವಕರನ್ನು ಕೇಳಲು ಅವರು ತಂದೆಯ ಮನೆಗೆ ಹೋದರೆಂದೂ ಹದೀಸ್ ಗ್ರಂಥಗಳು ಹೇಳುತ್ತವೆ. ಆಗ ಪ್ರವಾದಿಯವರು ಮಗಳಿಗೆ ಕಲಿಸಿದ ತಸ್ಬೀಹನ್ನು ಇಂದಿಗೂ ನಮಾಜಿನ ನಂತರ ಎಣಿಸುತ್ತೇವೆ. ಎಣಿಸುವಾಗ ಅದರ ಹಿಂದೆ ನೊಂದ ಒಂದು ಅಂಗೈ ಇತ್ತೆಂದು ನೆನಪಿರಬೇಕು. ಶಿಯಾ ಪರಂಪರೆ ಇನ್ನೂ ಒಂದು ಮಾತು ಸೇರಿಸುತ್ತದೆ: ಆ ಮನೆಯಲ್ಲಿ ಬೀಸುವುದು, ನಾದುವುದು, ರೊಟ್ಟಿ ಸುಡುವುದು ಫಾತಿಮಾರದಾದರೆ, ನೀರು ಹೊರುವುದು, ಸೌದೆ ತರುವುದು, ಕಸ ಗುಡಿಸುವುದು ಅಲಿಯವರದು. ಸರಳತೆಯ ಭಾರವನ್ನು ಇಬ್ಬರೂ ಹೊತ್ತರು. ಮೊದಲರ್ಧವನ್ನು ಮಾತ್ರ ಹೇಳಿ ಎರಡನೆಯರ್ಧವನ್ನು ನುಂಗಿದರೆ ಆದರ್ಶ ಅನ್ಯಾಯವಾಗುತ್ತದೆ.

ನಮ್ಮ ಜಿಲ್ಲೆಯ ಶಿಡ್ಲಘಟ್ಟದಲ್ಲಿ ಇದೇ ಮಾತನ್ನು ಇನ್ನೊಂದು ರೀತಿಯಲ್ಲಿ ಕಾಣಬಹುದು. ಅದು ರೇಷ್ಮೆಗೂಡಿನ ದೊಡ್ಡ ಮಾರುಕಟ್ಟೆ. ನೂಲು ಬಿಚ್ಚುವ ಕಸುಬಿನಲ್ಲಿ ಮುಸ್ಲಿಂ ಕುಟುಂಬಗಳೇ ಬಹಳ. ಮೊಟ್ಟೆಗಾಗಿ ಚಿಟ್ಟೆಯನ್ನು ಹೊರಬರಲು ಬಿಟ್ಟರೆ ಗೂಡಿಗೆ ತೂತು ಬೀಳುತ್ತದೆ, ಎಳೆ ತುಂಡಾಗುತ್ತದೆ, ಮತ್ತೆ ಅದರಿಂದ ಉದ್ದ ನೂಲು ತೆಗೆಯಲಾಗದು. ಅಂಥ ಗೂಡುಗಳನ್ನು ಕತ್ತರಿಸಿ, ಬಣ್ಣ ಹಚ್ಚಿ, ಪೋಣಿಸಿ ಹಾರ, ಹೂಗುಚ್ಛ, ತೋರಣ ಮಾಡುತ್ತಾರೆ. ಕೇಂದ್ರ ರೇಷ್ಮೆ ಮಂಡಳಿಯ ಸಂಸ್ಥೆಗಳು ಈ ಕಲೆಯಲ್ಲಿ ತರಬೇತಿಯನ್ನೂ ಕೊಟ್ಟಿವೆ. ಹಬ್ಬಕ್ಕೆ ಮನೆಯ ಬಾಗಿಲನ್ನು ಸಿಂಗರಿಸಲು ಇದಕ್ಕಿಂತ ಅಗ್ಗದ, ಇದಕ್ಕಿಂತ ಚೆಂದದ ವಸ್ತು ನಮ್ಮ ಸೀಮೆಯಲ್ಲಿ ಬೇರೆ ಇಲ್ಲ. ಪ್ಲಾಸ್ಟಿಕ್ ಹೂವಿನ ಬದಲು ಅದನ್ನೇ ಕೊಳ್ಳೋಣ. ಆದರೆ ಕೊಳ್ಳುವಾಗ ಚೌಕಾಸಿ ಮಾಡಿ ಹತ್ತು ರೂಪಾಯಿ ಉಳಿಸಿದರೆ, ಉಳಿದದ್ದು ಪೋಣಿಸಿದವಳ ಕೂಲಿಯಿಂದ.

ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರದ ಕಡೆಯ ಸಿದ್ದಿ ಹೆಂಗಸರು ಹಳೆಯ ಬಟ್ಟೆಯ ತುಂಡುಗಳಿಂದ ಕೌದಿ ಹೊಲಿಯುತ್ತಾರೆ. ಅವರಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮೂವರೂ ಇದ್ದಾರೆ, ಕೌದಿ ಮೂವರದೂ. ಅಂಚಿನಿಂದ ಶುರುಮಾಡಿ ಸುತ್ತುತ್ತ ಸುತ್ತುತ್ತ ನಡುವಿಗೆ ಬಂದು ಹೊಲಿಗೆ ಮುಗಿಸುತ್ತಾರೆ. ಕೊನೆಗೆ ನಾಲ್ಕು ಮೂಲೆಗೂ ಮಡಿಚಿದ ಬಟ್ಟೆಯ ಪುಟ್ಟ 'ಫೂಲ' ಇಡುತ್ತಾರೆ. ಅದರಿಂದ ಬೆಚ್ಚಗಾಗುವುದೇನೂ ಇಲ್ಲ. ಆದರೂ ಅದಿಲ್ಲದ ಕೌದಿ ಬೆತ್ತಲೆ ಎನ್ನುತ್ತಾರೆ ಅವರು. ಬಡತನದ ಕೈ ಬರೀ ಅಗತ್ಯಕ್ಕಷ್ಟೇ ದುಡಿಯುತ್ತದೆಂದು ತಿಳಿದವರು ಆ ನಾಲ್ಕು ಹೂಗಳನ್ನು ನೋಡಬೇಕು. ಯಾರೂ ಕೇಳದ, ಯಾರಿಗೂ ಲೆಕ್ಕ ಕೊಡಬೇಕಿಲ್ಲದ ಆ ಹೂವೇ ಉಡುಗೊರೆಯ ನಿಜವಾದ ಭಾಗ. ಉಳಿದದ್ದು ಹೊದಿಕೆ.

ಇನ್ನೊಂದು ಎಚ್ಚರದ ಮಾತು ಉಳಿದಿದೆ. ಉಳ್ಳವರು ಸರಳವಾಗಿದ್ದರೆ ಅದು ಗುಣ, ಇಲ್ಲದವರ ಸರಳತೆ ಮಾತ್ರ ಅವಮಾನ ಎನ್ನುವುದು ಲೋಕದ ರೀತಿ. ಶ್ರೀಮಂತರ ಮಗಳು ಅಮ್ಮ ಹೊಲಿದ ಅಂಗಿ ತೊಟ್ಟರೆ ಊರು ಹೊಗಳುತ್ತದೆ. ಕೂಲಿಯವರ ಮಗಳು ಅದನ್ನೇ ತೊಟ್ಟರೆ ಪಕ್ಕದ ಹುಡುಗಿಯರು ಅಂಗಿಯ ಅಂಚು ನೋಡುತ್ತಾರೆ. ಈ ಅವಮಾನವನ್ನು ತೊಡೆಯುವ ಶಕ್ತಿ ಉಳ್ಳವರಿಗೆ ಮಾತ್ರ ಇದೆ. ಅವರು ತಮ್ಮ ಸರೀಕರ ನಡುವೆ ಕೈಯಾರೆ ಮಾಡಿದ್ದನ್ನು ಕೊಡುವ ರೂಢಿ ಹಾಕಿದರೆ, ಇಲ್ಲದವರೂ ತಲೆಯೆತ್ತಿ ಅಂಥದ್ದನ್ನೇ ತರಬಲ್ಲರು.

ಆದರೆ ಋಣವಿರುವ ಕಡೆ ಈ ರೂಢಿ ನಡೆಯಬಾರದು. ಮನೆಗೆಲಸದವರ ಹಬ್ಬದ ಇನಾಮಿಗೆ ಬದಲಾಗಿ ಕಾಗದದ ಹೂವು ಕೊಟ್ಟರೆ ಅದು ಮೋಸ. ಫಿತ್ರಾ ಇದಕ್ಕೆ ಒಳ್ಳೆಯ ಅಳತೆಗೋಲು. ಹಾಲುಗೂಸನ್ನೂ ಸೇರಿಸಿ ಮನೆಯ ಪ್ರತಿಯೊಬ್ಬರ ಹೆಸರಿನಲ್ಲೂ ಧಾನ್ಯವನ್ನೋ ಅದರ ಬೆಲೆಯನ್ನೋ ಕೊಡಬೇಕು. ಜಾಫರಿ ಫಿಕ್ಹಿನ ಪ್ರಕಾರ ತಲೆಗೆ ಸುಮಾರು 3 ಕಿಲೋ. ಅದನ್ನು ಈದ್ ನಮಾಜಿಗೆ ಮೊದಲೇ ತೆಗೆದಿಡಬೇಕು. ಈ ಅಳತೆಯಲ್ಲಿ ಮಿತವ್ಯಯಕ್ಕೆ ಎಡೆಯಿಲ್ಲ, ಕಲೆಗೂ ಎಡೆಯಿಲ್ಲ. ಸರೀಕರಿಗೆ ಪ್ರೀತಿ ಕೊಡೋಣ, ಹಕ್ಕುದಾರರಿಗೆ ಅವರ ಹಕ್ಕನ್ನೇ ಕೊಡೋಣ. ಒಂದನ್ನು ಇನ್ನೊಂದರ ಬದಲಿಗೆ ಇಡುವುದು ಬೇಡ.

ಮೊಹರಂ ನಮ್ಮ ಕ್ಯಾಲೆಂಡರುಗಳಲ್ಲಿ ಹಬ್ಬವೆಂದು ಅಚ್ಚಾಗುತ್ತದೆ. ಅಲೀಪುರಕ್ಕೆ ಅದು ಶೋಕದ ತಿಂಗಳು. ಆದರೂ ಆಗ ನಡೆಯುವ ಕೈಕೆಲಸವನ್ನು ಗಮನಿಸಬೇಕು. ಅಲಮಿಗೆ ತೊಡಿಸುವ ಬಟ್ಟೆಗೆ ಜರಿ ಕಟ್ಟುವವರು, ಕರ್ಬಲಾದ ದಾಹವನ್ನು ನೆನೆದು ದಾರಿಹೋಕರಿಗೆ ಸಬೀಲಿನಲ್ಲಿ ಶರಬತ್ತು ಹಂಚುವವರು ಯಾರಿಂದಲೂ ಏನನ್ನೂ ಹಿಂದಕ್ಕೆ ಬಯಸುವುದಿಲ್ಲ. ಲೋಟ ತೆಗೆದುಕೊಂಡವನ ಹೆಸರನ್ನೂ ಕೇಳುವುದಿಲ್ಲ. ಶೋಕದ ದಿನಗಳಲ್ಲಿ ಇಷ್ಟು ಚೆನ್ನಾಗಿ ಗೊತ್ತಿರುವುದು ಸಂತೋಷದ ದಿನ ಮಾತ್ರ ಮರೆತುಹೋಗಬೇಕಾಗಿಲ್ಲ.

ಮುಂದಿನ ಚಾಂದ್ ರಾತ್‌ನಲ್ಲಿ ಮನೆಯ ಗಂಡುಮಕ್ಕಳ ಕೈಗೂ ಕತ್ತರಿ, ಅಂಟು, ಬಣ್ಣದ ಕಾಗದ ಕೊಡಿ. ತೋರಣ ಸ್ವಲ್ಪ ಓರೆಯಾದರೂ ಪರವಾಗಿಲ್ಲ. ಅಪ್ಪ ಶ್ಯಾವಿಗೆ ಹುರಿಯಲಿ, ಖರ್ಜೂರದ ಬೀಜ ಬಿಡಿಸಲಿ. ಅಮ್ಮ ಒಂದಿಷ್ಟು ಹೊತ್ತು ಸುಮ್ಮನೆ ಕುಳಿತು ಚಂದ್ರನನ್ನು ನೋಡಲಿ.