ಕಾಣದ ಗಿರಾಕಿಯೂ ತಕ್ಕಡಿಯ ಧರ್ಮವೂ

ಕೊಡುವುದೂ ಕೊಳ್ಳುವುದೂ ಮನುಷ್ಯಸಮಾಜದಷ್ಟೇ ಪ್ರಾಚೀನವಾದುವು. ಕೊಂಡ ಮೇಲೆ ಹುಟ್ಟುವ ಕೊರಗೂ ಅಷ್ಟೇ ಪ್ರಾಚೀನವಾದುದು. ಧರ್ಮಶಾಸ್ತ್ರಕಾರರು ರಾಜಸಭೆಗೆ ಬರುವ ವ್ಯಾಜ್ಯಗಳನ್ನು ಹದಿನೆಂಟು ವ್ಯವಹಾರಪದಗಳಾಗಿ ವಿಂಗಡಿಸಿ, ಅವುಗಳಲ್ಲಿ ಒಂದನ್ನು ಕ್ರಯವಿಕ್ರಯಾನುಶಯವೆಂದು ಕರೆದರು. ಅನುಶಯವೆಂದರೆ ವ್ಯವಹಾರವು ಮುಗಿದ ಮೇಲೆ ಮನಸ್ಸಿನಲ್ಲಿ ಉಳಿಯುವ ಪಶ್ಚಾತ್ತಾಪ. ಇಂತಹ ಪಶ್ಚಾತ್ತಾಪವುಂಟಾದವನಿಗೆ, ಅವನು ಕೊಂಡವನಾಗಲಿ ಮಾರಿದವನಾಗಲಿ, ಹತ್ತು ದಿನಗಳೊಳಗಾಗಿ ವಸ್ತುವನ್ನು ಹಿಂದಿರುಗಿಸುವ ಅಥವಾ ಹಿಂದಕ್ಕೆ ಪಡೆಯುವ ಅವಕಾಶವನ್ನು ಮನುಸ್ಮೃತಿಯು ಕೊಟ್ಟಿತು. ಗಡುವು ಕಳೆದ ಮೇಲೆ ಹಟಮಾಡಿದವನಿಗೆ ಆರುನೂರು ಪಣಗಳ ದಂಡವನ್ನು ವಿಧಿಸಿತು. ಯಾಜ್ಞವಲ್ಕ್ಯನು ಇನ್ನೂ ಸೂಕ್ಷ್ಮವಾಗಿ ವಿಚಾರಿಸಿ, ಕಬ್ಬಿಣದ ಪರೀಕ್ಷೆಗೆ ಒಂದು ದಿನ, ಕರೆಯುವ ಹಸುವಿಗೆ ಮೂರು ದಿನ, ಹೊರೆ ಹೊರುವ ಪಶುವಿಗೆ ಐದು ದಿನ, ರತ್ನಕ್ಕೆ ಏಳು ದಿನ, ಬಿತ್ತನೆಯ ಬೀಜಕ್ಕೆ ಹತ್ತು ದಿನ ಎಂದು ಗೊತ್ತುಮಾಡಿದನು. ಈ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವು ಹುಟ್ಟಿದುದು ಕನ್ನಡನಾಡಿನ ಕಲ್ಯಾಣನಗರದಲ್ಲಿ, ಚಾಲುಕ್ಯ ವಂಶದ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ. ಹೀಗೆ ಕೊಂಡವನ ಕೊರಗನ್ನು ಪೂರ್ವಿಕರು ದುಷ್ಟತನವೆಂದು ತಳ್ಳಿಬಿಡದೆ, ಮನುಷ್ಯಸ್ವಭಾವದ ಒಂದು ಅಂಶವೆಂದೇ ಎಣಿಸಿ, ಅದಕ್ಕೆ ಒಂದು ಮೇರೆಯನ್ನು ಮಾತ್ರ ಹಾಕಿದರು.

ಆದರೆ ಆ ಕಾಲದ ಸಂತೆಯಲ್ಲಿ ಕೊಳ್ಳುವವನು ಮಾರುವವನ ಮುಖವನ್ನು ನೋಡುತ್ತಿದ್ದನು. ವಸ್ತುವನ್ನು ಕೈಯಿಂದ ಮುಟ್ಟಿ, ತೂಗಿ, ಬಡಿದು ನೋಡುತ್ತಿದ್ದನು. ಈಗಿನ ಆನ್‌ಲೈನ್ ಹರಾಜಿನಲ್ಲಿ ಇವೆರಡೂ ಇಲ್ಲ. ೧೯೯೫ನೆಯ ಸೆಪ್ಟೆಂಬರಿನಲ್ಲಿ ಅಮೆರಿಕಾದ ಕ್ಯಾಲಿಫೋರ್ನಿಯಾ ಸಂಸ್ಥಾನದಲ್ಲಿ ಪಿಯರ್ ಒಮಿಡ್ಯಾರ್ ಎಂಬಾತನು ತೆರೆದ ಆಕ್ಷನ್‌ವೆಬ್ ಎಂಬ ಪೇಟೆಯೇ ಮುಂದೆ ಈಬೇ ಎಂಬ ಹೆಸರಿನಿಂದ ಪ್ರಸಿದ್ಧವಾಯಿತು. ಭಾರತದಲ್ಲಿ ಈ ಸಂಸ್ಥೆಯು ೨೦೦೪ರಲ್ಲಿ ಬಾಜೀ ಡಾಟ್ ಕಾಮ್ ಎಂಬ ಪೇಟೆಯನ್ನು ಕೊಂಡು ಕಾಲಿರಿಸಿತು. ೨೦೧೮ರಲ್ಲಿ ಈಬೇ ಇಂಡಿಯಾದ ಬಾಗಿಲು ಮುಚ್ಚಿತು. ಅಮೆರಿಕಾ, ಇಂಗ್ಲೆಂಡು ಮೊದಲಾದ ದೇಶಗಳಲ್ಲಾದರೋ ಮನೆಯಲ್ಲಿ ಕುಳಿತು ಹಳೆಯ ನಾಣ್ಯ, ಅಂಚೆಕಾರ್ಡು, ಗಡಿಯಾರ, ಪಿಂಗಾಣಿಗಳನ್ನು ಮಾರಿ ನಾಲ್ಕು ಕಾಸು ಸಂಪಾದಿಸುವ ಸಾಮಾನ್ಯ ಜನರು ಇಂದಿಗೂ ಅಲ್ಲಿ ಅಸಂಖ್ಯರಾಗಿರುವರು. ಅವರನ್ನು ಬಾಧಿಸುವ ಪ್ರಶ್ನೆಯು ವ್ಯಾಪಾರದ್ದೆಂದು ಮೇಲ್ನೋಟಕ್ಕೆ ಕಂಡರೂ, ವಿಚಾರಿಸಿದರೆ ಅದು ಧರ್ಮದ ಪ್ರಶ್ನೆಯೇ ಆಗಿರುವುದು: ತೊಡಕಿನ ಗಿರಾಕಿಗೆ ಮಾರುವವನು ಸಲ್ಲಿಸಬೇಕಾದುದೇನು?

ತೊಡಕಿನ ಗಿರಾಕಿಗಳೆಲ್ಲರೂ ಒಂದೇ ಜಾತಿಯವರಲ್ಲ. ಎಲ್ಲರಿಗಿಂತ ಹೆಚ್ಚಿನ ಸವಾಲು ಕೂಗಿ, ವಸ್ತುವು ತನಗೆ ನಿಂತ ಮೇಲೆ ಹಣವನ್ನೂ ಕಳುಹಿಸದೆ, ಕಾಗದಕ್ಕೆ ಉತ್ತರವನ್ನೂ ಕೊಡದೆ ಮಾಯವಾಗುವವನು ಒಬ್ಬನು. ಹರಾಜು ಮುಗಿದ ಮೇಲೆ ಚೌಕಾಶಿಗೆ ಆರಂಭಿಸುವವನು ಮತ್ತೊಬ್ಬನು. ವಸ್ತುವು ಕೈಸೇರಿದ ಬಳಿಕ ವರ್ಣನೆಯಲ್ಲಿದ್ದಂತಿಲ್ಲವೆಂದು ದೂರುವವನು ಮೂರನೆಯವನು. ಇವನ ದೂರು ನಿಜವೂ ಆಗಿರಬಹುದು, ಸುಳ್ಳೂ ಆಗಿರಬಹುದು. ಅರ್ಧ ಹಣವನ್ನು ಹಿಂದಿರುಗಿಸದಿದ್ದರೆ ಕೆಟ್ಟ ಅಭಿಪ್ರಾಯವನ್ನು ಬರೆಯುವೆನೆಂದು ಹೆದರಿಸುವವನು ನಾಲ್ಕನೆಯವನು. ಮೋಸವೇನನ್ನೂ ಮಾಡದೆ, ದಿನಕ್ಕೆ ಹತ್ತು ಪ್ರಶ್ನೆಗಳನ್ನು ಹಾಕಿ ಒರಟು ಮಾತನಾಡುವವನು ಐದನೆಯವನು. ಇವರನ್ನೆಲ್ಲ ಒಂದೇ ಹಗ್ಗದಿಂದ ಕಟ್ಟುವುದೇ ಮಾರುವವನು ಮಾಡುವ ಮೊದಲನೆಯ ತಪ್ಪು. ಒರಟುತನವು ಬೇರೆ, ಅಪ್ರಾಮಾಣಿಕತೆಯು ಬೇರೆ. ಸವಿಮಾತಿನ ವಂಚಕರೂ ಕಟುಮಾತಿನ ಸತ್ಯವಂತರೂ ಲೋಕದಲ್ಲಿ ಉಂಟು.

ಇಷ್ಟೇ ಅಲ್ಲದೆ ಹರಾಜೆಂಬುದು ತಾನಾಗಿಯೇ ಅನುಶಯವನ್ನು ಹುಟ್ಟಿಸುವ ಪದ್ಧತಿಯಾಗಿರುವುದು. ೧೯೭೧ರಲ್ಲಿ ಕೇಪನ್, ಕ್ಲಾಪ್, ಕ್ಯಾಂಪ್‌ಬೆಲ್ ಎಂಬ ಮೂವರು ಇಂಜಿನಿಯರರು ಎಣ್ಣೆಯ ಗುತ್ತಿಗೆಗಳಿಗಾಗಿ ನಡೆಯುವ ಪೈಪೋಟಿಯನ್ನು ಪರಿಶೀಲಿಸಿ ಒಂದು ತತ್ತ್ವವನ್ನು ತೋರಿಸಿದರು: ಒಂದೇ ವಸ್ತುವಿನ ಬೆಲೆಯನ್ನು ಹಲವರು ಅಂದಾಜುಮಾಡುವಾಗ, ಗೆಲ್ಲುವವನು ಅತಿ ಹೆಚ್ಚಾಗಿ ಅಂದಾಜುಮಾಡಿದವನೇ ಆದುದರಿಂದ, ಗೆಲುವೇ ಅವನ ನಷ್ಟಕ್ಕೆ ಕಾರಣವಾಗಬಹುದು. ಇದನ್ನು ಅರ್ಥಶಾಸ್ತ್ರಜ್ಞರು ವಿಜೇತನ ಶಾಪವೆಂದು ಕರೆಯುವರು. ಕೌಟಿಲ್ಯನಾದರೋ ಇದನ್ನು ಬಲು ಹಿಂದೆಯೇ ಊಹಿಸಿದಂತೆ ತೋರುವುದು. ಸುಂಕದ ಕಟ್ಟೆಯಲ್ಲಿ ವರ್ತಕನು ಸರಕಿನ ಪ್ರಮಾಣವನ್ನೂ ಬೆಲೆಯನ್ನೂ ಮೂರು ಸಾರಿ ಕೂಗಿ ಹೇಳಬೇಕೆಂದೂ, ಕೊಳ್ಳುವವರ ಸ್ಪರ್ಧೆಯಿಂದ ಬೆಲೆಯು ಏರಿದರೆ ಆ ಏರಿಕೆಯು ಸುಂಕದೊಡನೆ ರಾಜನ ಬೊಕ್ಕಸಕ್ಕೆ ಸೇರಬೇಕೆಂದೂ ಅವನು ವಿಧಿಸಿದನು. ಸ್ಪರ್ಧೆಯ ಕಾವಿನಿಂದ ಹುಟ್ಟಿದ ಹಣವು ಮಾರುವವನ ಶ್ರಮದ ಫಲವಲ್ಲವೆಂಬ ಭಾವವು ಇದರಲ್ಲಿ ಅಡಗಿರಬಹುದು. ಇದನ್ನು ನೆನೆದ ಮಾರಾಟಗಾರನು, ಗೆದ್ದ ಮರುದಿನವೇ ತಣ್ಣಗಾದ ಗಿರಾಕಿಯನ್ನು ಕಂಡು ಕೆರಳುವುದಿಲ್ಲ. ಅವನನ್ನು ಕೆಲವು ದಿನ ಕಾದು, ನಿಯಮದಂತೆ ಆ ಮಾರಾಟವನ್ನು ರದ್ದುಮಾಡಿ, ಎರಡನೆಯ ಸವಾಲುಗಾರನಿಗೆ ವಸ್ತುವನ್ನು ನೀಡುವ ಮಾರ್ಗವು ಈಬೇ ಪೇಟೆಯಲ್ಲಿ ಇದ್ದೇ ಇರುವುದು. ಅಲ್ಲಿ ನಷ್ಟವು ಅಲ್ಪವು, ಕೋಪವು ಅನವಶ್ಯಕವು.

ನಿಜವಾದ ಧರ್ಮಸಂಕಟವು ಮೂರನೆಯವನ ಮತ್ತು ನಾಲ್ಕನೆಯವನ ವಿಷಯದಲ್ಲಿರುವುದು. ಮುಖ ಕಾಣದ ಪೇಟೆಯಲ್ಲಿ ನಂಬಿಕೆಯು ಹೇಗೆ ನಿಲ್ಲಬೇಕೆಂಬುದಕ್ಕೆ ಒಮಿಡ್ಯಾರನು ೧೯೯೬ರಲ್ಲಿ ಒಂದು ಉಪಾಯವನ್ನು ಕಂಡುಹಿಡಿದನು. ವ್ಯವಹಾರವು ಮುಗಿದ ಮೇಲೆ ಉಭಯರೂ ಒಬ್ಬರನ್ನು ಕುರಿತು ಒಬ್ಬರು ತಮ್ಮ ಅಭಿಪ್ರಾಯವನ್ನು ಎಲ್ಲರಿಗೂ ಕಾಣುವಂತೆ ಬರೆಯಬೇಕೆಂಬುದೇ ಅದು. ಹೀಗೆ ಸಂಪಾದಿಸಿದ ಹೆಸರಿಗೆ ಬೆಲೆಯುಂಟೆಂಬುದು ಪರೀಕ್ಷೆಯಿಂದಲೂ ಸಿದ್ಧವಾಗಿದೆ. ಹಳೆಯ ಅಂಚೆಕಾರ್ಡುಗಳನ್ನು ಮಾರುವ ಒಬ್ಬ ಹೆಸರಾದ ವರ್ತಕನು ಒಂದೇ ಬಗೆಯ ಕಾರ್ಡುಗಳನ್ನು ತನ್ನ ಹಳೆಯ ಹೆಸರಿನಲ್ಲಿಯೂ ಯಾರೂ ಅರಿಯದ ಹೊಸ ಹೆಸರುಗಳಲ್ಲಿಯೂ ಮಾರಿ ನೋಡಿದಾಗ, ಹಳೆಯ ಹೆಸರಿಗೆ ಬೆಲೆಯ ನೂರಕ್ಕೆ ೮.೧ರಷ್ಟು ಹೆಚ್ಚು ದೊರೆಯಿತೆಂದು ರೆಸ್ನಿಕ್ ಮೊದಲಾದ ವಿದ್ವಾಂಸರು ೨೦೦೬ರಲ್ಲಿ ಪ್ರಕಟಿಸಿದರು. ಮೊದಮೊದಲು ಮಾರುವವನೂ ಕೊಂಡವನನ್ನು ನಿಂದಿಸಬಹುದಾಗಿದ್ದಿತು. ಆದರೆ ಕೊಂಡವನು ಕೆಟ್ಟದಾಗಿ ಬರೆದರೆ ತಾನೂ ಹಾಗೆಯೇ ಬರೆದು ಸೇಡು ತೀರಿಸಿಕೊಳ್ಳುವ ವರ್ತಕರು ಹೆಚ್ಚಿದುದರಿಂದ, ೨೦೦೮ರಲ್ಲಿ ಆ ಅಧಿಕಾರವನ್ನು ಸಂಸ್ಥೆಯು ಅವರಿಂದ ಕಿತ್ತುಕೊಂಡಿತು. ಅಂದಿನಿಂದ ನಾಲಗೆಯು ಒಂದು ಪಕ್ಷಕ್ಕೆ ಮಾತ್ರ ಉಳಿಯಿತು. ಈ ಅಸಮತೆಯನ್ನು ಅರಿತ ದುರ್ಜನನು ಅದನ್ನು ಆಯುಧವಾಗಿ ಹಿಡಿಯುವುದರಲ್ಲಿ ಆಶ್ಚರ್ಯವೇನಿದೆ?

ಇಲ್ಲಿ ಎರಡು ಪೂರ್ವಪಕ್ಷಗಳು ಏಳುವುವು. ಗಿರಾಕಿಯು ಹೇಳಿದುದಕ್ಕೆಲ್ಲ ಒಪ್ಪಿ ಹಣವನ್ನು ಹಿಂದಿರುಗಿಸಿಬಿಡಬೇಕು, ಹತ್ತು ಡಾಲರಿನ ನಷ್ಟಕ್ಕಿಂತ ಹೆಸರು ದೊಡ್ಡದು, ಇದೇ ಕ್ಷಮೆ, ಇದೇ ಜಾಣತನ ಎಂಬುದು ಒಂದು. ಒಮ್ಮೆ ಬಾಗಿದವನ ಬೆನ್ನನ್ನು ಎಲ್ಲರೂ ಏರುವರಾದುದರಿಂದ ಯಾರಿಗೂ ಎಂದಿಗೂ ಬಗ್ಗಬಾರದು ಎಂಬುದು ಇನ್ನೊಂದು. ಇವೆರಡನ್ನೂ ತೂಗುವ ಮುನ್ನ ಮಾರುವವನು ತನ್ನ ತಟ್ಟೆಯನ್ನು ನೋಡಿಕೊಳ್ಳಬೇಕಾದುದು ನ್ಯಾಯವು.

ಒಂದು ವಸ್ತುವನ್ನು ಇನ್ನೊಂದರೊಡನೆ ಬೆರಸಿ ಮಾರಬಾರದು. ಸಾರವಿಲ್ಲದುದನ್ನೂ ಅಳತೆಯಲ್ಲಿ ಕಡಿಮೆಯಾದುದನ್ನೂ ಮಾರಬಾರದು. ದೂರದಲ್ಲಿರುವುದನ್ನೂ ಮರೆಮಾಡಿದುದನ್ನೂ ಮಾರಬಾರದು ಎಂದು ಮನುಸ್ಮೃತಿಯು ವಿಧಿಸುವುದು. ಆನ್‌ಲೈನ್ ಹರಾಜಿನಲ್ಲಿ ಎಲ್ಲ ವಸ್ತುವೂ ದೂರದ್ದೇ, ಎಲ್ಲವೂ ಒಂದು ಬಗೆಯಲ್ಲಿ ಮರೆಯಾದುದೇ. ಆದುದರಿಂದ ಮರೆಯನ್ನು ತೆಗೆಯುವ ಭಾರವೆಲ್ಲ ಮಾರುವವನ ಲೇಖನಿಯ ಮೇಲೂ ಚಿತ್ರದ ಮೇಲೂ ಬೀಳುವುದು. ಪಿಂಗಾಣಿಯ ಬಟ್ಟಲಿನ ಸೀಳನ್ನು ಗೋಡೆಯ ಕಡೆಗೆ ತಿರುಗಿಸಿ ಚಿತ್ರ ತೆಗೆದವನು ಸುಳ್ಳು ಹೇಳಲಿಲ್ಲ, ನಿಜ. ಆದರೆ ಸತ್ಯವನ್ನೂ ಹೇಳಲಿಲ್ಲ. ರೋಮಿನ ಸಿಸೆರೋ ಕ್ರಿ. ಪೂ. ೪೪ರಲ್ಲಿ ಮಗನಿಗಾಗಿ ಬರೆದ ಕರ್ತವ್ಯಗಳ ಗ್ರಂಥದಲ್ಲಿ ಇದೇ ಪ್ರಶ್ನೆಯನ್ನು ಎತ್ತಿರುವನು. ಕ್ಷಾಮಪೀಡಿತವಾದ ರೋಡ್ಸ್ ದ್ವೀಪಕ್ಕೆ ಧಾನ್ಯವನ್ನು ತಂದ ವರ್ತಕನು, ಹಿಂದೆ ಇನ್ನೂ ಹಡಗುಗಳು ಬರುತ್ತಿರುವುದನ್ನು ತಿಳಿಸಬೇಕೆ ಬೇಡವೆ? ತಿಳಿಸಬೇಕಾದುದಿಲ್ಲವೆಂದು ಡಯೋಜಿನಿಸನೂ, ತಿಳಿಸಲೇಬೇಕೆಂದು ಆಂಟಿಪೇಟರನೂ ವಾದಿಸಿದರು. ಮುಚ್ಚಿಡಬಾರದೆಂಬುದೇ ಸಿಸೆರೋವಿನ ತೀರ್ಪು. ಒಮಿಡ್ಯಾರನ ಪೇಟೆಯ ಮೊದಲ ಮಾರಾಟದ ಕಥೆಯೂ ಇಲ್ಲಿ ಸ್ಮರಣೀಯವು. ಕೆಟ್ಟುಹೋದ ಒಂದು ಲೇಸರ್ ಪಾಯಿಂಟರನ್ನು ಒಬ್ಬನು ೧೪.೮೩ ಡಾಲರಿಗೆ ಕೊಂಡಾಗ, ಅದು ಕೆಟ್ಟಿರುವುದು ತಿಳಿದಿದೆಯೆ ಎಂದು ಒಮಿಡ್ಯಾರನು ಅವನನ್ನು ಕೇಳಿದನಂತೆ. ತಾನು ಕೆಟ್ಟ ಪಾಯಿಂಟರುಗಳನ್ನೇ ಸಂಗ್ರಹಿಸುವವನೆಂದು ಉತ್ತರ ಬಂದಿತಂತೆ. ಮಾರಿದ ಮೇಲೂ ಹೀಗೆ ಕೇಳುವ ಮನಸ್ಸುಳ್ಳವನಿಗೆ ತೊಡಕಿನ ಗಿರಾಕಿಗಳು ಅರ್ಧದಷ್ಟು ಕಡಿಮೆಯಾದರೂ ಆದಾರು. ಹಲವು ತಕರಾರುಗಳ ಬೀಜವು ಮಾರುವವನ ಮೌನದಲ್ಲಿಯೇ ಇರುವುದು. ಅಂತಹ ತಕರಾರಿಗೆ ಹಣವನ್ನು ಹಿಂದಿರುಗಿಸುವುದು ಕ್ಷಮೆಯೂ ಅಲ್ಲ, ಔದಾರ್ಯವೂ ಅಲ್ಲ; ಅದು ಋಣಪರಿಹಾರವು.

ಮಾರುವವನು ನಿರ್ದೋಷಿಯಾಗಿದ್ದು ಗಿರಾಕಿಯೇ ಸುಳ್ಳಾಡಿದರೆ ಏನು ಮಾಡಬೇಕು? ಮೊದಲನೆಯ ಪೂರ್ವಪಕ್ಷವು ಇದನ್ನೂ ಕ್ಷಮಿಸೆನ್ನುವುದು. ಆದರೆ ಕ್ಷಮೆಯೆಂಬುದು ದಂಡಿಸಬಲ್ಲವನು ಫಲಾಪೇಕ್ಷೆಯಿಲ್ಲದೆ ಬಿಟ್ಟುಕೊಡುವುದು. ಹೆಸರು ಕೆಡುವುದೆಂಬ ಹೆದರಿಕೆಯಿಂದ ಕೊಟ್ಟ ಹಣವು ಕಪ್ಪಕಾಣಿಕೆಯಾಗುವುದೇ ಹೊರತು ಕ್ಷಮೆಯಾಗಲಾರದು. ಆ ಕಪ್ಪದ ಭಾರವು ಕೊಟ್ಟವನ ಮೇಲೆಯೇ ನಿಲ್ಲುವುದೂ ಇಲ್ಲ. ಒಂದು ಬೆದರಿಕೆಯಿಂದ ಫಲ ಕಂಡವನು ಮುಂದಿನ ಮನೆಯ ಬಾಗಿಲನ್ನು ತಟ್ಟುವನು. ಅಲ್ಲಿರುವವಳು ತಾಯಿಯ ಪಿಂಗಾಣಿಯನ್ನು ಮಾರಿ ಬಾಡಿಗೆ ಕಟ್ಟಬೇಕಾದ ವಿಧವೆಯಾಗಿರಬಹುದು. ತನ್ನ ನೆಮ್ಮದಿಯನ್ನು ಇನ್ನೊಬ್ಬರ ನಷ್ಟದಿಂದ ಕೊಳ್ಳುವುದು ಧರ್ಮವೆಂದು ಯಾವ ಶಾಸ್ತ್ರವೂ ಹೇಳದು.

ಹಾಗಾದರೆ ಎರಡನೆಯ ಪೂರ್ವಪಕ್ಷವು ಸರಿಯೆ? ಅದೂ ಅಲ್ಲ. ದೂರದಲ್ಲಿರುವವನ ಹೃದಯವನ್ನು ಬಲ್ಲವರಾರು? ಅಂಚೆಯಲ್ಲಿ ಒಡೆದ ಬಟ್ಟಲನ್ನು ಕಂಡು ನಿಜವಾಗಿಯೇ ನೊಂದವನನ್ನು ಕಳ್ಳನೆಂದರೆ, ಆ ಗಾಯಕ್ಕೆ ಹಿಂದಿರುಗಿಸಿದ ಹಣವೂ ಮದ್ದಾಗದು. ಮಹಾಭಾರತದ ವನಪರ್ವದಲ್ಲಿ ದ್ರೌಪದಿಯು ಯುಧಿಷ್ಠಿರನಿಗೆ ಹೇಳುವ ಬಲಿಪ್ರಹ್ಲಾದ ಸಂವಾದವು ಈ ಸಂಕಟಕ್ಕೆಂದೇ ರಚಿತವಾದಂತಿದೆ. ಸದಾ ಕ್ಷಮೆಯೂ ಶ್ರೇಯಸ್ಕರವಲ್ಲ, ಸದಾ ತೇಜಸ್ಸೂ ಶ್ರೇಯಸ್ಕರವಲ್ಲವೆಂದು ಪ್ರಹ್ಲಾದನು ಮೊಮ್ಮಗನಿಗೆ ಬೋಧಿಸುವನು. ಅರಿಯದೆ ಮಾಡಿದ ಅಪರಾಧವನ್ನು ಚೆನ್ನಾಗಿ ವಿಚಾರಿಸಿ ಕ್ಷಮಿಸಬೇಕು. ಯಾರದೇ ಆಗಲಿ ಮೊದಲನೆಯ ಅಪರಾಧವನ್ನು ಕ್ಷಮಿಸಬೇಕು. ಎರಡನೆಯದು ಅಲ್ಪವಾದರೂ ದಂಡಾರ್ಹವು. ಬೇಕೆಂದೇ ಮಾಡಿ ಅರಿಯದೆ ಮಾಡಿದೆನೆನ್ನುವವನನ್ನು ಬಿಡಬಾರದು. ಸಿದ್ಧಾಂತವು ಇಲ್ಲಿಯೇ ಇರುವುದು. ಗಿರಾಕಿಯು ದೂರಿದಾಗ ಮೊದಲು ವಿಚಾರಣೆ, ಆಮೇಲೆ ನಿರ್ಣಯ. ಚಿತ್ರವನ್ನು ಕಳುಹಿಸಿರೆಂದು ವಿನಯದಿಂದ ಕೇಳುವುದು, ವಸ್ತುವನ್ನು ಹಿಂದಿರುಗಿಸಿದರೆ ಹಣವನ್ನೆಲ್ಲ ಕೊಡುವೆನೆಂದು ಹೇಳುವುದು ವಿಚಾರಣೆಯ ಮಾರ್ಗವು. ಸತ್ಯವಂತನು ಇದಕ್ಕೆ ಸಾಮಾನ್ಯವಾಗಿ ಒಪ್ಪುವನು. ವಸ್ತುವೂ ಬೇಕು ಹಣವೂ ಬೇಕೆನ್ನುವವನು ತನ್ನನ್ನು ತಾನೇ ತೋರಿಸಿಕೊಳ್ಳುವನು. ಸಂದೇಹವು ಉಳಿದರೆ ಅದರ ಲಾಭವು ಗಿರಾಕಿಗೆ ಸಲ್ಲಲಿ. ಬೆದರಿಕೆಯು ಸ್ಪಷ್ಟವಾದರೆ ಅದನ್ನು ಪೇಟೆಯ ಅಧಿಕಾರಿಗಳ ಗಮನಕ್ಕೆ ತಂದು, ಅವನು ಮತ್ತೆ ಸವಾಲು ಕೂಗದಂತೆ ತಡೆಪಟ್ಟಿಗೆ ಅವನ ಹೆಸರನ್ನು ಸೇರಿಸಿ, ಬೈಗುಳದ ಒಂದು ಮಾತನ್ನೂ ಬರೆಯದೆ ಸುಮ್ಮನಾಗಬೇಕು.

ಇಷ್ಟು ಮಾಡಿದರೂ ನ್ಯಾಯವು ದೊರೆಯದೆ ಹೋಗಬಹುದೆಂಬುದನ್ನು ಮುಚ್ಚಿಡಬೇಕಾದುದಿಲ್ಲ. ವಸ್ತುವು ವರ್ಣನೆಯಂತಿಲ್ಲವೆಂದು ದೂರಿದವನಿಗೆ ಹಣವನ್ನು ಹಿಂದಿರುಗಿಸುವ ಭರವಸೆಯನ್ನು ಸಂಸ್ಥೆಯು ಕೊಟ್ಟಿರುವುದು. ಹಿಂದಕ್ಕೆ ಬಂದ ಪೆಟ್ಟಿಗೆಯಲ್ಲಿ ಕಳುಹಿಸಿದ ಗಡಿಯಾರದ ಬದಲು ಬೇರೊಂದು ಮುರುಕು ಗಡಿಯಾರವಿದ್ದರೆ, ಅದನ್ನು ಸಾಧಿಸುವುದು ಬಡ ಮಾರಾಟಗಾರನಿಗೆ ಸುಲಭವಲ್ಲ. ದೊಡ್ಡ ವರ್ತಕನು ಇಂತಹ ನಷ್ಟವನ್ನು ಸಾವಿರ ವಸ್ತುಗಳ ಬೆಲೆಯಲ್ಲಿ ಹಂಚಿಬಿಡುವನು. ಚಿಕ್ಕವನಿಗೆ ಅದು ಒಂದು ತಿಂಗಳ ಲಾಭವಾಗಿರಬಹುದು. ಅವನ ನೋವು ನ್ಯಾಯವಾದುದು. ಆದರೆ ಅದಕ್ಕಿಂತ ದೊಡ್ಡ ನಷ್ಟವೊಂದು ಅವನನ್ನು ಕಾದಿರುವುದು: ಒಬ್ಬನ ವಂಚನೆಯಿಂದ ನೂರು ಜನರನ್ನು ವಂಚಕರೆಂದು ಕಾಣುವ ಚಾಳಿ. ವರ್ಣನೆಯ ಜಾಗದಲ್ಲಿ ಎಚ್ಚರಿಕೆಗಳೂ ಬೆದರಿಕೆಗಳೂ ತುಂಬುವುವು. ಸಾಧುವಾದ ಪ್ರಶ್ನೆಗೂ ಕೊಂಕು ಉತ್ತರವು ಹೋಗುವುದು. ೧೯೯೯ರ ವ್ಯವಹಾರಗಳನ್ನು ಪರಿಶೀಲಿಸಿದ ರೆಸ್ನಿಕ್ ಮತ್ತು ಜೆಕ್‌ಹೌಸರ್ ಎಂಬ ವಿದ್ವಾಂಸರು, ಕೊಂಡವರು ಬರೆದ ಅಭಿಪ್ರಾಯಗಳಲ್ಲಿ ನೂರಕ್ಕೆ ೯೯.೧ರಷ್ಟು ಒಳ್ಳೆಯವೆಂದು ಕಂಡರು. ದಾಕ್ಷಿಣ್ಯದಿಂದಲೋ ಹೆದರಿಕೆಯಿಂದಲೋ ಬರೆದವುಗಳನ್ನು ಕಳೆದರೂ, ಸಜ್ಜನರೇ ಬಹುಸಂಖ್ಯಾತರೆಂಬುದನ್ನು ಅಲ್ಲಗಳೆಯಲಾಗದು.

ಶಾಂತಿಪರ್ವದಲ್ಲಿ, ಜಟೆಯಲ್ಲಿ ಹಕ್ಕಿಗಳು ಗೂಡುಕಟ್ಟುವವರೆಗೆ ತಪಸ್ಸು ಮಾಡಿದ ಜಾಜಲಿಯು ಧರ್ಮವನ್ನು ಕಲಿಯಲು ಹೋದುದು ವಾರಣಾಸಿಯ ತುಲಾಧಾರನೆಂಬ ವರ್ತಕನ ಬಳಿಗೆ. ತನ್ನ ತಕ್ಕಡಿಯು ಸರ್ವಭೂತಗಳಿಗೂ ಸಮವಾಗಿರುವುದೆಂಬುದೇ ಆ ವರ್ತಕನ ಹಿರಿಮೆಯು. ಸಮವೆಂದರೆ ಎಲ್ಲರಿಗೂ ಒಪ್ಪುವುದೆಂದು ಅರ್ಥವಲ್ಲ. ಹೊಗಳಿದವನಿಗೆ ತಗ್ಗದೆ, ಬೈದವನಿಗೆ ಏರದೆ, ಹಾಕಿದುದನ್ನು ಹಾಕಿದಷ್ಟೇ ತೋರಿಸುವುದೆಂದು ಅರ್ಥ. ತೊಡಕಿನ ಗಿರಾಕಿಯು ತಟ್ಟೆಯ ಮೇಲೆ ಎಷ್ಟು ಭಾರವನ್ನಾದರೂ ಹಾಕಲಿ, ಮುಳ್ಳನ್ನು ಬಗ್ಗಿಸುವ ಅಧಿಕಾರವನ್ನು ಮಾತ್ರ ಅವನಿಗೆ ಕೊಡಬಾರದು. ಅವನು ಹೊರಟುಹೋದ ಮೇಲೆ ಬರುವ ಗಿರಾಕಿಗೂ ಅದೇ ತಕ್ಕಡಿಯಲ್ಲಿಯೇ ತೂಗಬೇಕಾಗಿರುವುದು.